ಹಾಳೆಯ ಕೆಳಗಿನ ತಾರೀಕು

ನಮ್ಮ ಚಿಕ್ಕಮ್ಮನಿಗೆ ಆಫೀಸಿನವರು ಇಟ್ಟ ಹೆಸರು ತಾರೀಕಮ್ಮ. ಕಾರ್ಮಿಕರ ಸಹಾಯ ಕೇಂದ್ರದಲ್ಲಿ ಹತ್ತೊಂಬತ್ತು ವರ್ಷದಿಂದ ಅವಳದು ಒಂದೇ ಕೆಲಸ. ನೇಮಕದ ಪತ್ರದಲ್ಲಿ ಏನೇನು ನೋಡಬೇಕು, ಕೆಲಸದಿಂದ ತೆಗೆದರೆ ಯಾರಿಗೆ ಅರ್ಜಿ ಕೊಡಬೇಕು ಅನ್ನುವುದನ್ನು ನಾಲ್ಕನೇ ಕ್ಲಾಸು ಓದಿದವರಿಗೂ ತಿಳಿಯುವಂತೆ ಒಂದೊಂದು ಹಾಳೆಯಲ್ಲಿ ಬರೆಯುವುದು. ಮೂರು ತಿಂಗಳಿಗೊಮ್ಮೆ ಆ ಹಾಳೆ ಹಿಡಿದು ಸರಕಾರಿ ಕೌಂಟರಿನ ಕ್ಯೂನಲ್ಲಿ ತಾನೇ ನಿಲ್ಲುತ್ತಿದ್ದಳು. ಒಂದೊಂದು ಮಾತನ್ನೂ ಗುಮಾಸ್ತನ ಮುಂದೆ ಓದಿ, ಸರಿ ಅನ್ನಿಸಿಕೊಂಡ ಮೇಲೆಯೇ ಕೆಳಗೆ ಹೊಸ ತಾರೀಕು. ಹಳೆಯದೆಲ್ಲ ಕಸದ ಬುಟ್ಟಿಗೆ. ಅವಳನ್ನು ಕಂಡರೆ ಗುಮಾಸ್ತ ಊಟಕ್ಕೆ ಎದ್ದುಬಿಡುತ್ತಿದ್ದ. ಅವನು ಬರುವ ತನಕ ಇವಳು ಅಲ್ಲೇ ಕೂತಿರುತ್ತಿದ್ದಳು.

ಆಮೇಲೆ ಹೊಸ ಮ್ಯಾನೇಜರ್ ಬಂದ. ತಾರೀಕಿದ್ದರೆ ಹಾಳೆ ಬೇಗ ಹಳತಾಗಿ ಕಾಣುತ್ತದೆಂದು ಅದನ್ನು ತೆಗೆಸಿ, ಮಿರಿಮಿರಿ ಕಾಗದದಲ್ಲಿ ಐದು ಸಾವಿರ ಪ್ರತಿ ಒಮ್ಮೆಲೇ ಅಚ್ಚು ಹಾಕಿಸಿದ. ಎರಡೇ ತಿಂಗಳಲ್ಲಿ ನಿಯಮ ಬದಲಾಯಿತು. ಕೆಲಸದಿಂದ ತೆಗೆದವರು ತಕರಾರು ಅರ್ಜಿ ಕೊಡಲು ಇದ್ದ ಮೂವತ್ತು ದಿನ ಹದಿನೈದಕ್ಕಿಳಿಯಿತು. ಹಳೇ ಹಾಳೆ ಹಂಚಬೇಡಿ ಎಂದು ಚಿಕ್ಕಮ್ಮ ಬಡಕೊಂಡಳು. ಅಚ್ಚಾಗಿದ್ದು ಮೊದಲು ಮುಗಿಯಲಿ ಎಂದ ಆ ಮಹಾರಾಯ. ನೆನೆಸಿಕೊಂಡರೆ ನನಗೆ ಈಗಲೂ ಮೈಯೆಲ್ಲ ಉರಿಯುತ್ತದೆ.

ಇಪ್ಪತ್ತೆರಡು ವರ್ಷ ಒಂದೇ ಕಾರ್ಖಾನೆಯಲ್ಲಿ ಹೊಲಿದು, ಒಂದೇ ಮಾತಿಗೆ ಹೊರಬಿದ್ದ ಟೈಲರಮ್ಮ ಆ ಹಾಳೆ ನಂಬಿ ಇಪ್ಪತ್ತನೇ ದಿನ ಅರ್ಜಿ ಕೊಡಲು ಹೋದಳು. ತಡವಾಯಿತೆಂದು ಗುಮಾಸ್ತ ವಾಪಸು ಕಳಿಸಿದ. ಅವಳು ನೇರ ಕೇಂದ್ರಕ್ಕೆ ಬಂದು ಹಾಳೆಯನ್ನು ಚಿಕ್ಕಮ್ಮನ ಮೇಜಿನ ಮೇಲಿಟ್ಟಳು.

"ಇದು ನೀವೇ ಕೊಟ್ಟಿದ್ದಲ್ವಾ ಅಕ್ಕಾ?"

"ಕೆಳಗೆ ನೋಡಮ್ಮ," ಎಂದ ಮ್ಯಾನೇಜರ್. "ತಪ್ಪಿದ್ರೆ ಕೇಂದ್ರ ಜವಾಬ್ದಾರಿ ಅಲ್ಲ ಅಂತ ಬರೆದಿದೀವಿ."

ಆಮೇಲೆ ನಾನೂ ನೋಡಿದೆ. ಸಾಸಿವೆ ಕಾಳಿನಷ್ಟು ಅಕ್ಷರ, ಕನ್ನಡಕ ಹಾಕಿಕೊಂಡರೂ ಓದಲಾಗಲಿಲ್ಲ.

ಚಿಕ್ಕಮ್ಮ ಕೇಂದ್ರದ ಲೆಟರ್‌ಹೆಡ್ ಎಳೆದುಕೊಂಡು ಬರೆದಳು: ಹಾಳೆಯಲ್ಲಿದ್ದದ್ದು ತಪ್ಪು, ತಪ್ಪು ನಮ್ಮದು, ಇವರು ತಡವಾಗಿ ಬಂದದ್ದು ನಮ್ಮನ್ನು ನಂಬಿ.

"ಹೀಗೆ ಒಪ್ಕೊಂಡ್ರೆ ನಾಳೆ ನಮ್ಮನ್ನ ಯಾರು ನಂಬ್ತಾರೆ?" ಎಂದ ಮ್ಯಾನೇಜರ್.

"ಇವತ್ತು ನಂಬಿದವರ ಗತಿ ನೋಡಿ ಮೊದ್ಲು," ಎಂದು ಚಿಕ್ಕಮ್ಮ ಸಹಿ ಹಾಕಿದಳು.

ಆ ಪತ್ರ ಓದಿ ಗುಮಾಸ್ತನ ಮೇಲಧಿಕಾರಿ ಟೈಲರಮ್ಮನ ಅರ್ಜಿ ತೆಗೆದುಕೊಂಡರು. ಅದೇ ವಾರ ಮ್ಯಾನೇಜರ್ ಚಿಕ್ಕಮ್ಮನನ್ನು ಕೆಲಸದಿಂದ ತೆಗೆದ. ಉಂಡ ಮನೆಗೆ ಎರಡು ಬಗೆದಳಂತೆ. ಬಗೆದದ್ದು ಯಾರು ಎಂದು ಕೇಳುವವರಿಲ್ಲ.

ಮರುದಿನ ಬೆಳಗ್ಗೆ ಅವಳು ಅದೇ ಕ್ಯೂನಲ್ಲಿ ನಿಂತಳು, ಈ ಸಲ ತನ್ನದೇ ಅರ್ಜಿ ಹಿಡಿದು. ಜೊತೆಗೆ ಟೈಲರಮ್ಮ. ಗುಮಾಸ್ತ ಇವತ್ತು ಊಟಕ್ಕೆ ಏಳಲಿಲ್ಲ.

"ಕೆಲಸದಿಂದ ತೆಗೆದು ಎಷ್ಟು ದಿನ ಆಯ್ತಮ್ಮಾ?" ಎಂದು ಕೇಳಿದ.

"ಒಂದು," ಎಂದು ಚಿಕ್ಕಮ್ಮ ಅರ್ಜಿಯ ಕೆಳಗೆ ತಾರೀಕು ಬರೆದಳು.