ದೊಡ್ಡವ್ವನ ವಿಮಾನ

ದೊಡ್ಡವ್ವನ ಬೆರಳ ತುದಿಗಳು ವರ್ಷದುದ್ದಕ್ಕೂ ಕೆಂಪಗಿರುತ್ತಿದ್ದವು. ಮೆಣಸಿನಕಾಯಿಯ ಕೆಂಪು, ಸೀಗೆಪುಡಿ ಹಚ್ಚಿ ತಿಕ್ಕಿದರೂ ಹೋಗುತ್ತಿರಲಿಲ್ಲ. ಗಡಹಿಂಗ್ಲಜದ ಪೇಟೆಯಲ್ಲಿ ಅವಳ ಮೆಣಸಿನಕಾಯಿ ವಖಾರಿಯ ಮುಂದೆ ಹಾದುಹೋಗುವವರೆಲ್ಲ ಸೀನುತ್ತಲೇ ಹೋಗುತ್ತಿದ್ದರು. ಅವಳು ಮಾತ್ರ ಸೆರಗನ್ನು ಸೊಂಟಕ್ಕೆ ಬಿಗಿದು, ಒಣಗಿದ ಕಾಯಿಗಳ ರಾಶಿಗಳ ನಡುವೆ ಒಂದು ಸೀನೂ ಇಲ್ಲದೆ ಓಡಾಡುತ್ತಿದ್ದಳು. ಗಂಡ ತೀರಿಕೊಂಡ ಮೇಲೆ ವ್ಯಾಪಾರವನ್ನು ಮೈದುನನ ಕೈಗೆ ಕೊಡದೆ ತಾನೇ ನಡೆಸಿದ ಹೆಂಗಸು. ನನ್ನ ತಾಯಿಯ ಅಕ್ಕ.

ನನ್ನನ್ನು ಇಚಲಕರಂಜಿಯ ಶಹಾಪುರಕ್ಕೆ, ಮಗ್ಗಗಳಿದ್ದ ಮನೆಗೆ ಕೊಟ್ಟಿದ್ದರು. ಮದುವೆಯಾಗಿ ಎರಡನೆಯ ಮಳೆಗಾಲದಲ್ಲಿ ಗಂಡ ಜ್ವರದಿಂದ ಹೋದ. ಅತ್ತೆ ನನ್ನನ್ನು ನೂಲಿನ ಕೋಣೆಯ ಹಿಂದಿನ ಕತ್ತಲೆಯಲ್ಲಿ ಕೂರಿಸಿದರು. ಅಲ್ಲಿಗೆ ದೊಡ್ಡವ್ವ ಒಂದು ದಿನ ಹೇಳದೆ ಕೇಳದೆ ಬಂದಳು. ಚಹಾ ಮುಟ್ಟಲಿಲ್ಲ. "ಇಕಿನ್ನ ಕರ್ಕೊಂಡು ಹೊಂಟೇನಿ. ಅಡ್ಡ ಬರೋರು ಈಗ ಬರ್ರಿ," ಎಂದಳು. ಯಾರೂ ಬರಲಿಲ್ಲ.

ಗಡಹಿಂಗ್ಲಜಕ್ಕೆ ಬಂದ ಮೇಲೂ ನಾನು ಮೂಲೆ ಹಿಡಿದೇ ಕೂತೆ. ಕೆಲವು ದಿನ ನೋಡಿದಳು. ಆಮೇಲೆ ಬಾಗಿಲಲ್ಲಿ ನಿಂತು, "ಆ ಮೂಲಿ ನಿನಗ ಯಾರರ ಬರದು ಕೊಟ್ಟಾರೇನ? ಎದ್ದು ಬಾ. ತುಂಬು ಬಿಡಿಸೋರು ಕಡಿಮಿ ಬಿದ್ದಾರ," ಎಂದಳು. ಅಂಗಳದಲ್ಲಿ ಸಾಲಾಗಿ ಕೂತು ಕಾಯಿಯ ತುಂಬು, ಅಂದರೆ ತೊಟ್ಟು, ಮುರಿಯುತ್ತಿದ್ದ ಹೆಂಗಸರ ನಡುವೆ ಹೋಗಿ ಕೂತೆ. ಅಲ್ಲಿ ಎಲ್ಲರ ಕಣ್ಣಲ್ಲೂ ನೀರು. ನಾನು ಅಳುತ್ತಿದ್ದೇನೆಂದು ಯಾರಿಗೂ ತಿಳಿಯಲಿಲ್ಲ.

ಆ ಹೆಂಗಸರಲ್ಲಿ ಒಬ್ಬಳು ಗಂಡ ಬಿಟ್ಟವಳು. ವಖಾರಿಯ ಹಿಂದಿನ ಗುಡಿಸಿಲಲ್ಲಿ ಒಬ್ಬಳೇ ಇದ್ದಳು. ದೊಡ್ಡವ್ವ ಕೊಲ್ಹಾಪುರಕ್ಕೆ ಹೋಗಿದ್ದಾಗ ಅವಳು ಕಾಲರಾ ಬಂದು ಸತ್ತಳು. ನಮ್ಮಲ್ಲಿ ಸತ್ತವರನ್ನು ಸುಡುವುದಿಲ್ಲ, ಮಲಗಿಸಿ ಒಯ್ಯುವುದೂ ಇಲ್ಲ. ಹಣೆಗೆ ವಿಭೂತಿ ಬಳಿದು, ಅಂಗೈಯಲ್ಲಿ ಲಿಂಗವಿಟ್ಟು, ಬಿದಿರಿನ ಮಂಟಪದಲ್ಲಿ ಕೂರಿಸುತ್ತಾರೆ. ಬಾಳೆಕಂಬ, ಚೆಂಡುಹೂವು ಕಟ್ಟಿದ ಆ ಮಂಟಪಕ್ಕೆ ವಿಮಾನ ಎನ್ನುತ್ತಾರೆ. ಭಜನೆ ಹೇಳುತ್ತ ಗಂಡಸರು ಅದನ್ನು ಹೊರುತ್ತಾರೆ. ನಮ್ಮ ಓಣಿಯ ಹೆಂಗಸರು ಊರ ಅಗಸಿಬಾಗಿಲವರೆಗೆ ಹೋಗಿ ಹಿಂತಿರುಗುತ್ತಿದ್ದರು. ಆದರೆ ಆ ಹೆಂಗಸಿಗೆ ವಿಮಾನವನ್ನೇ ಕಟ್ಟಲಿಲ್ಲ. ಓಣಿಯ ಹಿರಿಯನೆನಿಸಿಕೊಂಡಿದ್ದ ದೊಡ್ಡವ್ವನ ಮೈದುನ, "ಗಂಡ ಬಿಟ್ಟಾಕಿಗೆ ಎಂಥಾ ವಿಮಾನ?" ಎಂದುಬಿಟ್ಟ. ಕಂಬಳಿಯಲ್ಲಿ ಸುತ್ತಿ, ಬೊಂಬಿಗೆ ಜೋತುಹಾಕಿಕೊಂಡು ಹೊರಟರು.

ಅವರು ಅಗಸಿ ದಾಟುವ ಹೊತ್ತಿಗೆ ದೊಡ್ಡವ್ವ ಮೋಟಾರಿನಿಂದ ಇಳಿದಳು. ಗಂಟು ನನ್ನ ಕೈಗೆ ಕೊಟ್ಟು ಹಿಂದೆಯೇ ನಡೆದಳು, ಮಣ್ಣು ಮಾಡುವ ಜಾಗದವರೆಗೂ. ತಿರುಗಿ ಬಂದು ಸ್ನಾನ ಮಾಡಿದಳು, ಊಟಕ್ಕೆ ಕರೆದರೆ ಬರಲಿಲ್ಲ. "ಚೀಲ ಹೊತ್ತಂಗ ಹೊತ್ತರು. ನನ್ನ ಮೆಣಸಿನಕಾಯಿ ಚೀಲಾನೂ ಅದಕ್ಕಿಂತ ಮೆತ್ತಗ ಇಳಸ್ತಾರ," ಎಂದಳು.

ಎರಡನೆಯ ಮಹಾಯುದ್ಧ ಮುಗಿದ ಮೇಲೆ, ದಂಡಿಗೆ ಸೇರಿದ್ದ ನಮ್ಮ ಓಣಿಯ ಮರಾಠಾ ಹುಡುಗನೊಬ್ಬ ಮಲಾಯಾದಿಂದ ತಿರುಗಿ ಬಂದ. ಒಣಗಿ ಕಡ್ಡಿಯಾಗಿದ್ದ. ಅವನ ಬಾಯಿಂದ ಲಡಾಯಿಯ ಕತೆ ಹೊರಡಿಸಲು ಎಲ್ಲರೂ ಹೆಣಗಿದರು. ಅವನು ಹೇಳಿದ್ದು ಮಾತ್ರ ಬೇರೆಯೇ. ಅಲ್ಲಿನ ಚೀನೀ ಮುದುಕರು ಬದುಕಿದ್ದಾಗಲೇ ತಮ್ಮ ಹೆಣದ ಪೆಟ್ಟಿಗೆ ಮಾಡಿಸಿ ಮನೆಯಲ್ಲಿಟ್ಟುಕೊಳ್ಳುತ್ತಾರಂತೆ. ವರ್ಷ ವರ್ಷ ಬಣ್ಣ ಹೊಡೆಯುತ್ತಾರಂತೆ. ಬಂದ ನೆಂಟರಿಗೆ ತೋರಿಸುತ್ತಾರಂತೆ.

ಕೇಳಿದವರು ನಕ್ಕರು. ದೊಡ್ಡವ್ವ ನಗಲಿಲ್ಲ. "ಹೆಂಗಸರೂ ಮಾಡಸ್ತಾರೇನೋ?"

"ಖರಂಚ ಕಾಕೂ, ಖರೇ ಹೇಳ್ತೇನಿ, ಹೆಂಗಸರೂ ಮಾಡಸ್ತಾರ. ನಾ ಕಣ್ಣಾರೆ ನೋಡೇನಿ."

ಮರುವಾರವೇ ಚಂದಗಡದಿಂದ ಸಾಗವಾನಿ ಬಂತು. ಬಡಿಗೇರ ಅಳತೆಯ ಹಗ್ಗ ಹಿಡಿದು ಹಿಂದೆ ಸರಿದು ನಿಂತ. "ಜೀವ ಇದ್ದೋರ ಅಳತಿ ನಾ ಹೆಂಗ ತಗೊಳ್ಳಿರಿ ಅವ್ವಾರ?"

"ಸತ್ತ ಮ್ಯಾಲ ತಗೊಂಡರ, ಬಿಗಿ ಆತೋ ಸಡ್ಲ ಆತೋ ಅಂತ ಹೇಳಾಕ ನಾ ಇರಂಗಿಲ್ಲಪಾ. ಹಿಡಿ ಹಗ್ಗ."

ವಿಮಾನ ತಯಾರಾಯಿತು. ಒಂದು ಸಲ ಹೊತ್ತು ಮುರಿದೊಗೆಯುವ ಬಿದಿರಿನದಲ್ಲ. ನಾಲ್ಕು ಕಂಬ, ಒರಗಲು ಬೆನ್ನಹಲಗೆ, ಹೊರಲು ಎರಡು ಉದ್ದನೆಯ ತೊಲೆ. ಕಂಬಗಳ ಮೇಲೆ ದೇವರುಗಳನ್ನು ಕೊರೆಯಲೇ ಎಂದು ಬಡಿಗೇರ ಕೇಳಿದ್ದಕ್ಕೆ, "ದೇವರು ಗುಡ್ಯಾಗ ಅದಾನ. ನಾ ಜೀವಮಾನ ಏನ್ ಮಾಡೇನೋ ಅದನ್ನ ಕೊರಿ," ಎಂದಳು. ಹಾಗಾಗಿ ಕಂಬದ ತುಂಬ ಮೆಣಸಿನ ಗಿಡ, ಬೆನ್ನಹಲಗೆಯ ಮೇಲೆ ತಕ್ಕಡಿ. ಕಾಯಿಗಳಿಗೆ ಕೊಲ್ಹಾಪುರದಿಂದ ತರಿಸಿದ ಕೆಂಪು ಬಣ್ಣ.

ಅದನ್ನು ಪಡಸಾಲೆಯಲ್ಲಿ ಇರಿಸಿದಳು. ಊಟವಾದ ಮೇಲೆ ಅದರಲ್ಲೇ ಕಾಲು ಮಡಿಚಿ ಕೂತು ಎಲೆಅಡಿಕೆ ಹಾಕಿಕೊಳ್ಳುತ್ತಿದ್ದಳು. ಹಾದಿಯಲ್ಲಿ ಹೋಗುವವರು ನೋಡಿ ಮುಖ ತಿರುಗಿಸುತ್ತಿದ್ದರು. ಮೈದುನ ಒಂದು ಮಧ್ಯಾಹ್ನ ಧುಮುಗುಡುತ್ತ ಬಂದ.

"ವೈನಿ, ಇದೇನ್ ಹುಚ್ಚಾಟ? ಊರಾಗ ಮಾರಿ ಎತ್ತಾಕ ಆಗವಲ್ದು."

"ನೀ ಯಾಕ ಎತ್ತತಿ? ಕೂತಾಕಿ ನಾನು."

"ಇದನ್ನ ಯಾವ ಗಂಡಸು ಹೊರ್ತಾನ ನೋಡೂಣು."

"ಗಂಡಸರನ್ನ ಕರದವರು ಯಾರು?" ಎಂದು ದೊಡ್ಡವ್ವ ಅಂಗಳದ ಹೆಂಗಸರ ಕಡೆ ಕೈ ತೋರಿಸಿದಳು.

ಮರುದಿನ ವಿಮಾನದಲ್ಲಿ ಮೆಣಸಿನಕಾಯಿ ಚೀಲವೊಂದನ್ನು ಕೂರಿಸಿ, ನಮ್ಮ ಹೆಗಲಿಗೆ ತೊಲೆ ಕೊಟ್ಟು ಅಂಗಳದ ಸುತ್ತ ನಡೆಸಿದಳು. ಗಿಡ್ಡವರು ಮುಂದೆ, ಎತ್ತರದವರು ಹಿಂದೆ. ನಗು ತಡೆಯಲಾಗದೆ ನಾವು ತೂರಾಡಿದರೆ ಬೆನ್ನ ಹಿಂದೆಯೇ ಬಂದು ಗದರುತ್ತಿದ್ದಳು: "ನೆಟ್ಟಗ ನಡೀರಿ! ನನ್ನ ಸೊಂಟ ಮೊದಲ ನೋಯ್ತೈತಿ." ಒಬ್ಬಳು ಸಂಕೋಚದಿಂದ, "ಅವ್ವಾರ, ನಮ್ಮಂಥೋರು ಸತ್ತರ?" ಎಂದಳು. "ಇದು ನನ್ನ ಕೂಡ ಮಣ್ಣಾಗ ಹೋಗಂಗಿಲ್ಲ. ನನ್ನ ಇಳಿಸಿ ತಿರುಗಿ ತರ್ರಿ. ಯಾರಿಗೆ ಇಲ್ಲ ಅಂತಾರೋ ಅವರು ಇದರಾಗ ಕುಂತು ಹೋಗಲಿ."

ಮೂರ್ನಾಲ್ಕು ಸುಗ್ಗಿ ಕಳೆದವು. ಹೊಸ ಕಾಯಿಯ ಗಾಡಿಗಳು ಬಾಗಿಲಲ್ಲಿ ನಿಂತಿದ್ದ ಒಂದು ಮುಂಜಾನೆ, ಗಾಡಿಯವನ ಜೊತೆ ದನಿ ಎತ್ತಿ ಚೌಕಾಶಿ ಮಾಡುತ್ತಿದ್ದ ದೊಡ್ಡವ್ವ ಅಲ್ಲೇ ಕುಸಿದಳು. ಒಳಗೆ ತರುವಷ್ಟರಲ್ಲಿ ಮುಗಿದಿತ್ತು.

ಮೈದುನ ಬಿದಿರು ತರಿಸಿದ. ಅಂಗಳದಲ್ಲಿ ಗಂಡಸರು ಗಳ ಸೀಳತೊಡಗಿದರು. ನಾನು ದೊಡ್ಡವ್ವನ ಹಣೆಗೆ ವಿಭೂತಿ ಹಚ್ಚುತ್ತಿದ್ದೆ. ಆ ಮನೆಯಲ್ಲಿ ಇಷ್ಟು ವರ್ಷ ಇದ್ದರೂ ಆ ಮೈದುನನ ಮುಂದೆ ನಿಂತು ನಾನು ಒಂದು ಮಾತೂ ಆಡಿದವಳಲ್ಲ. ವಿಭೂತಿಯ ಬಟ್ಟಲು ಕೆಳಗಿಟ್ಟೆ. ಹೊರಗೆ ಬಂದೆ.

"ಕಾಕಾರ, ಬಿದಿರು ಸೀಳೂದು ಬ್ಯಾಡ್ರಿ. ದೊಡ್ಡವ್ವನ ವಿಮಾನ ಐತಿ."

"ನೀ ಒಳಗ ಹೋಗು. ಸತ್ತಾಕಿ ಬಂದು ಕೇಳ್ತಾಳೇನು?"

"ಆಕಿ ಕೇಳಂಗಿಲ್ರಿ. ನಾ ಕೇಳಾಕತ್ತೇನಿ."

ಅವನು ಅಯ್ಯನವರ ಕಡೆ ತಿರುಗಿದ. ಸಮಾಧಿಯ ವಿಧಿ ಮಾಡಿಸಲು ಬಂದಿದ್ದ ಅಯ್ಯನವರು, "ಮಂತ್ರ ಹೇಳೂದು ನನ್ನ ಕೆಲಸರಿ. ಹೊರೋರು ಯಾರು ಅಂತ ನಾ ಕೇಳಿಲ್ಲ," ಎಂದರು. ಮೈದುನ ಹೆಗಲ ವಲ್ಲಿ ಕೊಡವಿ ಎದ್ದು ಹೋದ. ಅವನ ಹಿಂದೆ ಗಂಡಸರೂ ಒಬ್ಬೊಬ್ಬರಾಗಿ ಎದ್ದರು. ಭಜನೆಯವರು ತಾಳ ಚೀಲಕ್ಕೆ ಹಾಕಿಕೊಂಡರು.

ನಾವು ದೊಡ್ಡವ್ವನನ್ನು ಕೂರಿಸಿದೆವು. ಬಿಗಿಯೂ ಆಗಲಿಲ್ಲ, ಸಡಿಲವೂ ಆಗಲಿಲ್ಲ. ಗಿಡ್ಡವರು ಮುಂದೆ, ಎತ್ತರದವರು ಹಿಂದೆ. ಪೇಟೆಯ ನಡುವೆ ಹೊರಟಾಗ ಅಂಗಡಿಯವರು ಗೌರವಕ್ಕೆ ಎದ್ದು ನಿಂತರೋ, ನೋಡಲೆಂದು ಎದ್ದರೋ, ನಾನು ತಲೆ ತಿರುಗಿಸಲಿಲ್ಲ. ಭಜನೆಯಿಲ್ಲದ ಮೆರವಣಿಗೆ ಅದು. ಮೊದಲು ನಮ್ಮ ಉಸಿರಿನ ಸದ್ದಷ್ಟೇ ಇತ್ತು. ಆಮೇಲೆ ಹಿಂದಿನ ತೊಲೆಯವಳೊಬ್ಬಳು ತುಂಬು ಬಿಡಿಸುವಾಗ ಹಾಡುವ ಪದವನ್ನೇ ಎತ್ತಿಕೊಂಡಳು. ಉಳಿದವರು ದನಿಗೂಡಿಸಿದೆವು. ಅಗಸಿಯ ಕಟ್ಟೆಯ ಮೇಲೆ ಮೈದುನ ನಿಂತಿದ್ದ. ನಾವು ಪದ ನಿಲ್ಲಿಸಲಿಲ್ಲ, ಕಾಲೂ ನಿಲ್ಲಿಸಲಿಲ್ಲ. ಮಲಾಯಾದಿಂದ ಬಂದಿದ್ದ ಆ ಹುಡುಗ ಗುದ್ದಲಿ ಹಿಡಿದು ಕುಣಿಯ ಹತ್ತಿರ ಕಾಯುತ್ತಿದ್ದ.

ಖಾಲಿ ವಿಮಾನವನ್ನು ಹೊತ್ತು ತಿರುಗಿ ತಂದೆವು. ಹೆಗಲು ಬಾತು, ಸೆರಗು ತಾಕಿದರೂ ಉರಿಯುತ್ತಿತ್ತು. ಮೈದುನ ಸಾಯುವವರೆಗೂ ನನ್ನ ಜೊತೆ ಮಾತಾಡಲಿಲ್ಲ. ನಾನೂ ಆಡಿಸಲು ಹೋಗಲಿಲ್ಲ. ದೊಡ್ಡವ್ವನನ್ನು ಮಣ್ಣು ಮಾಡಿದ ಮರುದಿನ ಬಾಗಿಲಲ್ಲಿದ್ದ ಗಾಡಿಗಳ ಕಾಯಿಯನ್ನು ನಾನೇ ತೂಗಿಸಿ ಇಳಿಸಿಕೊಂಡೆ.

ಆ ಬೇಸಿಗೆಯಲ್ಲೇ ಬಿದ್ರಿ ಕಡೆಯ ಹೆಂಗಸೊಬ್ಬಳು ಗಾಡಿ ಕಟ್ಟಿಸಿಕೊಂಡು ಬಂದಳು. ಅವಳ ತಂಗಿ ಬಾವಿಗೆ ಬಿದ್ದು ಸತ್ತಿದ್ದಳಂತೆ. ಊರವರು ಮುಟ್ಟಲು ತಯಾರಿರಲಿಲ್ಲ. ಹೊಸ್ತಿಲ ಹೊರಗೇ ನಿಂತು, "ಇಲ್ಲಿ ವಿಮಾನ ಕೊಡ್ತಾರಂತಲ್ರಿ?" ಎಂದಳು.

ಪಡಸಾಲೆಯಿಂದ ಎತ್ತಿ ಗಾಡಿಗೆ ಏರಿಸಿಕೊಟ್ಟೆವು. ಹಗ್ಗ ಬಿಗಿಯುವಾಗ ಅವಳು ತಡೆದು ತಡೆದು ಕೇಳಿದಳು: "ಹಾದ್ಯಾಗ ಯಾರರ ತಡದು, ಯಾರ ಅಪ್ಪಣಿ ಅಂತ ಕೇಳಿದರ ಏನ್ ಹೇಳ್ಲೆವ್ವಾ?"

ಶಹಾಪುರದಲ್ಲಿ ನಾನು ಸತ್ತವನ ಹೆಂಡತಿ. ಗಡಹಿಂಗ್ಲಜದಲ್ಲಿ ವಖಾರಿಯವಳ ತಂಗಿಯ ಮಗಳು. ಗಂಟನ್ನು ಇನ್ನೊಂದು ಸುತ್ತು ಬಿಗಿದೆ.

"ನನ್ನ ಹೆಸರು ಹೇಳು," ಎಂದೆ. ಹೆಸರನ್ನೂ ಹೇಳಿದೆ.