ಸಾಲಿನ ತುದಿಗೆ ಸರಿದ ಚೀಟಿ

ಅವರ ಬಲಗೈ ಹೆಬ್ಬೆರಳಿನ ಉಗುರು ಹಳದಿಗಟ್ಟಿ ನಡುವೆ ಸೀಳಿತ್ತು. ಐವತ್ತು ವರ್ಷ ರೇಷ್ಮೆ ಎಳೆ ಬಿಡಿಸಿದ ಉಗುರು. ಅದನ್ನು ಕಂಪ್ಯೂಟರಿನ ಗಾಜಿನ ಮೇಲೆ ಊರಿ ಮಾತಾಡುವುದು ಅವರ ಅಭ್ಯಾಸ. ಅವರು ಎದ್ದುಹೋದ ಮೇಲೆ ನಾನು ಗೊಣಗುತ್ತ ಗಾಜು ಒರೆಸುತ್ತಿದ್ದೆ.

ಮೊಳಕಾಲ್ಮೂರಿನ ನೇಕಾರರ ಸಂಘದಲ್ಲಿ ಎಲ್ಲರೂ ಅವರನ್ನು ಡಿಸೈನ್ ತಾತ ಎನ್ನುತ್ತಿದ್ದರು. ಸೀರೆಯ ಅಂಚಿನಲ್ಲಿ ಯಾವ ಎಳೆ ಏಳಬೇಕು, ಯಾವುದು ಕೂರಬೇಕು ಎಂದು ಲೆಕ್ಕಹಾಕಿ ಮಗ್ಗದ ರಟ್ಟುಗಳಿಗೆ ತೂತು ಹೊಡೆಸುವುದು ಅವರ ಕೆಲಸ. ಹಳೆಯ ಅಂಚುಗಳ ರಟ್ಟುಗಳನ್ನು ಗೆದ್ದಲು ತಿಂದು ಮುಗಿಸಿತ್ತು. ಆ ನಕ್ಷೆಗಳು ಉಳಿದಿದ್ದು ತಾತನ ತಲೆಯಲ್ಲಿ ಮಾತ್ರ. "ಎತ್ತು, ಎತ್ತು, ಬಿಡು, ಎತ್ತು" ಎಂದು ಕಣ್ಣುಮುಚ್ಚಿ ಒಂದಿಡೀ ಅಂಚನ್ನು ಒಪ್ಪಿಸಿಬಿಡುತ್ತಿದ್ದರು.

ಎರಡು ಸಾವಿರದ ಇಸವಿಯ ಆಸುಪಾಸಿನಲ್ಲಿ ಸಂಘಕ್ಕೆ ಒಂದು ಕಂಪ್ಯೂಟರ್ ಬಂತು. ಅದಕ್ಕೆ ಸಾಫ್ಟ್‌ವೇರ್ ಬರೆಯುವ ಕೆಲಸ ಚಳ್ಳಕೆರೆಯ ನಮ್ಮ ಪುಟ್ಟ ಕೇಂದ್ರಕ್ಕೆ ಸಿಕ್ಕಿತು. ನಾವಿದ್ದದ್ದು ಮೂವರು, ಇದ್ದ ಅವಧಿ ಆರು ತಿಂಗಳು, ಸಂಘದ ಪಟ್ಟಿಯಲ್ಲಿ ಹನ್ನೊಂದು ಬೇಡಿಕೆಗಳು. ಮೊದಲು ಯಾವುದು ಎನ್ನುವುದೇ ಜಗಳವಾಯಿತು. ಪರದೆ ತೆರೆದೊಡನೆ ಬಣ್ಣದ ಸೀರೆ ಕಾಣಬೇಕು ಎಂದು ಅಧ್ಯಕ್ಷರು, ಪತ್ರಗಳು ತಾವಾಗಿಯೇ ಅಚ್ಚಾಗಬೇಕು ಎಂದು ಕಾರ್ಯದರ್ಶಿ. ಇಬ್ಬರೂ ಪಟ್ಟು ಬಿಡಲಿಲ್ಲ.

ತಾತ ಒಂದೊಂದು ಬೇಡಿಕೆಯನ್ನೂ ನನ್ನಿಂದ ಒಂದೊಂದು ಚೀಟಿಯಲ್ಲಿ ಬರೆಸಿ ಚಾಪೆಯ ಮೇಲೆ ಹರಡಿದರು. ಅವರ ಮನೆಮಾತು ತೆಲುಗು, ನಾನು ಅವರಿಗೆ ಅಮ್ಮಾಯಿ.

"ಅಮ್ಮಾಯಿ, ಒಂದೊಂದೇ ಎತ್ತು. ಇದಕ್ಕೆ ಯಾರು ಕಾಯ್ತಾ ಅವ್ರೆ? ಒಂದು ಹೆಸರು ಹೇಳ್ಬೇಕು. ಹೆಸರಿಲ್ಲದ್ದು ಹಿಂದಕ್ಕೆ."

ಬಣ್ಣದ ಸೀರೆಯ ಚೀಟಿಗೆ ಅಧ್ಯಕ್ಷರು "ನಾನೇ" ಎಂದರು.

"ನೀವು ಕುರ್ಚಿ ಮ್ಯಾಲೆ ಕುಂತು ಕಾಯ್ತಿದೀರಿ. ನಿಂತು ಕಾಯೋರ ಹೆಸರು ಹೇಳ್ರಿ."

ಅಧ್ಯಕ್ಷರೂ ನಕ್ಕುಬಿಟ್ಟರು. ನೂಲು ಹಂಚಿಕೆಯ ಚೀಟಿ ಬಂದಾಗ ತಾತನೇ ಹೇಳಿದರು. "ತಿಪ್ಪಮ್ಮ. ಬೆಳಗ್ಗೆ ಏಳಕ್ಕೆ ಬರ್ತಾಳೆ, ಕಂಕುಳಲ್ಲಿ ಕೂಸು ಐತೆ. ಮಧ್ಯಾಹ್ನ ಆದ್ರೂ ನೂಲು ಸಿಗಲ್ಲ." ಆ ಚೀಟಿ ಎಲ್ಲಕ್ಕಿಂತ ಮುಂದೆ ಹೋಯಿತು.

ಕಡೆಗೆ ಉಳಿದದ್ದು ಹಳೆಯ ಅಂಚುಗಳನ್ನು ಚೌಕ ಚೌಕವಾಗಿ ಕಂಪ್ಯೂಟರಿನಲ್ಲಿ ಬರೆದಿಡುವ ಕೆಲಸದ ಚೀಟಿ. "ಇದಕ್ಕೆ ಯಾರು ತಾತಾ?" ಎಂದೆ.

ಅವರು ಅದನ್ನು ಉಗುರಿನಿಂದ ಸಾಲಿನ ತುದಿಗೆ ಸರಿಸಿದರು. "ಯಾರೂ ಇಲ್ಲ ಬಿಡು. ನಾನೆಲ್ಲಿಗೆ ಹೋಗ್ತೀನಿ? ಕೊನೆಗಿರ್ಲಿ."

ಹಿಂದಿನ ವಾರವಷ್ಟೇ ನನಗೊಂದು ಅಂಚನ್ನು ಹೇಳಿಕೊಡುತ್ತಿದ್ದವರು ನಡುವೆ ನಿಂತುಬಿಟ್ಟಿದ್ದರು. "ಇರು ಅಮ್ಮಾಯಿ" ಎಂದು ಹಣೆ ಉಜ್ಜಿಕೊಂಡು ನೀರು ಕೇಳಿದ್ದರು. ಮತ್ತೆ ಮೊದಲಿನಿಂದ ಶುರುಮಾಡಿ ಅದೇ ಜಾಗಕ್ಕೆ ಬಂದು ನಿಂತರು. ಅದನ್ನು ನೋಡಿದವಳು ನಾನೊಬ್ಬಳೇ, ಅಂದು ಚಾಪೆಯ ಮುಂದೆ ಬಾಯಿ ಬಿಡಲಿಲ್ಲ. ನಿಜ ಹೇಳುತ್ತೇನೆ, ಹನ್ನೊಂದರಲ್ಲಿ ಅತಿ ಕಷ್ಟದ ಕೆಲಸ ಅದು, ನನ್ನ ಪಾಲಿಗೆ ಬಂದಿತ್ತು, ಹಿಂದಕ್ಕೆ ಹೋಯಿತಲ್ಲ ಎಂದು ನನಗೆ ನಿರಾಳವಾಗಿತ್ತು.

ಎರಡು ತಿಂಗಳಲ್ಲಿ ನೂಲಿನ ಕೆಲಸ ಮುಗಿದು ಸಂಘದ ಬಾಗಿಲ ಮುಂದಿನ ಸಾಲು ಕರಗಿತು. ತಾತ ಖಾಲಿ ಕಟ್ಟೆ ತೋರಿಸಿ, "ತಿಪ್ಪಮ್ಮ ಈಗ ಮನೇಲಿ ಉಂಡು ಬರ್ತಾಳೆ" ಎಂದು ನಾನು ಹೋದಾಗಲೆಲ್ಲ ಹೇಳುತ್ತಿದ್ದರು. ನಡುವಿನ ಕೆಲಸಗಳು ಚಳ್ಳಕೆರೆಯಲ್ಲೇ ನಡೆದವು, ನಾನು ಆ ಕಡೆ ಹೋಗುವುದು ಕಡಿಮೆಯಾಯಿತು.

ಆರನೆಯ ತಿಂಗಳು ಚೌಕಗಳ ಪರದೆ ಸಿದ್ಧವಾಯಿತು. ಫ್ಲಾಪಿಯನ್ನು ಚೀಲದಲ್ಲಿಟ್ಟುಕೊಂಡು ಬಸ್ಸು ಹತ್ತಿದೆ. ದಾರಿಯ ತಳಕು ಊರಿನಲ್ಲಿ ಬಸ್ಸು ನಿಂತಾಗ ತಾತನಿಗೆಂದು ಎರಡು ಬಾಳೆಹಣ್ಣು ಕೊಂಡೆ. ಅವರು ಸಂಘಕ್ಕೆ ಬರುವುದು ಬಿಟ್ಟು ತಿಂಗಳಾಗಿದೆ ಎಂದು ಅಲ್ಲಿಗೆ ಹೋದ ಮೇಲೆ ಗೊತ್ತಾಯಿತು. ಹೇಳಿಕಳಿಸಿದಾಗ ಸೊಸೆ ಕೈಹಿಡಿದು ಕರೆತಂದಳು.

"ಎಲ್ಲಾ ಮರ್ತೋಗೈತೆ ಅಕ್ಕ. ಉಂಡಿದ್ದೂ ನೆನಪಿರಲ್ಲ," ಎಂದಳು.

ತಾತ ಪರದೆಯ ಮುಂದೆ ಕುಳಿತು ಮೊದಲ ಚೌಕದ ಮೇಲೆ ಉಗುರು ಊರಿದರು. "ಎತ್ತು." ನಾನು ಚೌಕ ತುಂಬಿದೆ. "ಎತ್ತು. ಬಿಡು." ಏಳು ಚೌಕಗಳಾದ ಮೇಲೆ ಉಗುರು ನಿಂತಿತು. ನಾನೂ ಸೊಸೆಯೂ ಕಾದೆವು. ಅವರು ನನ್ನ ಕಡೆ ತಿರುಗಿ ಮೆಲ್ಲಗೆ, "ಯಾರ ಮಗಳವ್ವ ನೀನು?" ಎಂದರು.

ಅಂದು ನಾನು ಗಾಜು ಒರೆಸಲಿಲ್ಲ.

ಆ ವರ್ಷ ಮುಗಿಯುವುದರೊಳಗೆ ತಾತ ತೀರಿಕೊಂಡರು. ಚಳ್ಳಕೆರೆಯ ಆ ಕೇಂದ್ರವನ್ನು ಈಗ ನಾನೇ ನಡೆಸುತ್ತಿದ್ದೇನೆ. ಹೊಸ ಕೆಲಸ ಬಂದರೆ ಚೀಟಿ ಬರೆಸುತ್ತೇನೆ, ಯಾರು ಕಾಯುತ್ತಿದ್ದಾರೆ ಎಂದು ಕೇಳುತ್ತೇನೆ. ನನ್ನ ಅನ್ನ ಹುಟ್ಟುವುದು ತಾತ ಕಲಿಸಿದ ಆ ಪ್ರಶ್ನೆಯಿಂದ. ಏಳು ಚೌಕಗಳ ಆ ಅಂಚನ್ನು ಒಂದು ಯಂತ್ರದಿಂದ ಇನ್ನೊಂದಕ್ಕೆ ಸಾಗಿಸಿಕೊಂಡು ಬಂದಿದ್ದೇನೆ. ಅದು ಯಾವ ಸೀರೆಯದೆಂದು ಹೇಳಬಲ್ಲವರು ಮೊಳಕಾಲ್ಮೂರಿನಲ್ಲಿ ಈಗ ಯಾರೂ ಇಲ್ಲ.

ಅಂದು ಚಾಪೆಯ ಮೇಲಿನ ಕಡೆಯ ಚೀಟಿಗೆ ಹೇಳಲು ನನ್ನ ಬಳಿ ಒಂದು ಹೆಸರಿತ್ತು. ಆ ಹೆಸರಿನವರು ನನ್ನ ಎದುರಿಗೇ ಕುಳಿತಿದ್ದರು. ನಾನು ಹೇಳಲಿಲ್ಲ.