ಬಾಯಿಯವರಿಗೆ ಬರೆದುಕೊಟ್ಟ ದಾರಿ

ಬೆಳಗಾವಿಯ ಕಾನ್ವೆಂಟಿನಲ್ಲಿ ನಮಗೆ ಪತ್ರ ಬರೆಯಲು ಕಲಿಸಿದ ಸಿಸ್ಟರ್ ಒಂದು ಮಾತು ಹೇಳುತ್ತಿದ್ದರು. ಊರಿಗೆ ಹೊಸಬರು ನಿಮ್ಮ ಪತ್ರವೊಂದನ್ನೇ ಹಿಡಿದು, ದಾರಿಯಲ್ಲಿ ಯಾರನ್ನೂ ಕೇಳದೆ, ನಿಮ್ಮ ಮನೆಯ ಕದ ತಟ್ಟುವಂತಿರಬೇಕು. ಮದುವೆಯಾಗಿ ಜಮಖಂಡಿಗೆ ಬಂದ ಮೇಲೆ ಆ ಮಾತನ್ನು ಒಮ್ಮೆ ಚಾಚೂ ತಪ್ಪದೆ ಪಾಲಿಸಲು ಹೋದೆ. ಅದನ್ನು ನೆನೆದರೆ ಈಗಲೂ ಅಂಗೈ ಬೆವರುತ್ತದೆ.

ಸಂಸ್ಥಾನ ಹೋಗಿ ಮುಂಬಯಿ ಸರಕಾರ ಬಂದ ಹೊಸತು. ದರಬಾರಿನ ಗಾಯಕರೊಬ್ಬರು ನನ್ನ ನಾದಿನಿಗೆ ಹಾಡು ಕಲಿಸುತ್ತಿದ್ದರು. ಸಂಬಳ ನಿಂತ ಮೇಲೆ ಅವರು ಕೊಲ್ಲಾಪುರದ ಮಗನ ಮನೆ ಸೇರಿದರು. ಹದಿನಾರು ವರ್ಷದ ಹುಡುಗಿ ಅರ್ಧ ಕಲಿತದ್ದನ್ನೇ ಹಿಂದೆ ಮುಂದೆ ಹಾಡಿಕೊಂಡು, ತಂಬೂರಿಯ ಗವಸಣಿಗೆಯ ಧೂಳು ಕೊಡವುತ್ತ ಒಂದೂವರೆ ವರ್ಷ ಕಳೆದಳು. ಅಷ್ಟರಲ್ಲಿ ಮುಧೋಳದಿಂದ ಒಂದು ವರ ಬಂತು. ಮಾವನವರಿಗೆ ಒಪ್ಪಿಗೆಯಾಗಿತ್ತು. ಹುಡುಗಿ ಉಣ್ಣುವುದನ್ನು ಕಡಿಮೆ ಮಾಡಿದಳು.

"ಮುಧೋಳಕ್ಕ ಇನ್ನೂ ಹೋಗೇ ಇಲ್ಲ, ಆಗಲೇ ಮುಧೋಳದ ನಾಯಿ ಆದಂಗ ಆಗೀಯಲ್ಲ, ಬರೇ ಎಲಬು!" ಎಂದು ಅತ್ತೆಯವರು ಬೈಯುತ್ತಿದ್ದರು. ಬೈದು, ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದರು.

ಮೀರಜಿನಲ್ಲಿ ಒಬ್ಬ ಸಂಗೀತದ ಬಾಯಿಯವರು ಇದ್ದರು. ಹುಟ್ಟಿದ್ದು ಧಾರವಾಡದಲ್ಲಿ, ಹೆಸರಾದದ್ದು ಮೀರಜಿನಲ್ಲಿ. ನಾಲ್ಕೈದು ಹುಡುಗಿಯರನ್ನು ಮನೆಯಲ್ಲಿಟ್ಟುಕೊಂಡು ಕಲಿಸುತ್ತಿದ್ದರು. ನನ್ನ ಯಜಮಾನರು ತಂಗಿಯ ಪರವಾಗಿ ಮಾತೆತ್ತಿದಾಗ ಮಾವನವರು ಒಂದು ಕರಾರು ಹಾಕಿದರು.

"ಕಂಡವರ ಮನಿಗೆ ಮಗಳನ್ನ ಕಳಸೂ ಮನುಷ್ಯಾ ನಾ ಅಲ್ಲ. ಆಕಿ ಬರಲಿ. ನಮ್ಮ ಪಡಸಾಲಿಯೊಳಗ ಕೂತು ಕೇಳಲಿ. ಹುಡುಗಿಗೆ ವಿದ್ಯಾ ಹತ್ತತದ ಅಂತ ತನ್ನ ಬಾಯಿಲೆ ಹೇಳಲಿ. ಇಲ್ಲಾ, ದೀಪಾವಳಿ ದಾಟಿದ ಮ್ಯಾಲೆ ಮುಧೋಳ."

ಯಜಮಾನರು ಬರೆದದ್ದಕ್ಕೆ ಬಾಯಿಯವರ ಕಾರ್ಡು ಬಂತು. ಬರುತ್ತೇನೆ, ಆದರೆ ಆ ಕಡೆಯ ಸೀಮೆ ನೋಡಿಲ್ಲ, ಒಂಟಿ ಹೆಂಗಸು, ಹೇಗೆ ಬರಬೇಕು, ದಾರಿಯಲ್ಲಿ ಎಲ್ಲಿ ಉಣ್ಣಬಹುದು, ನಿಮ್ಮ ಕಡೆ ಕೇಳುವಂಥ ಹಾಡು ಏನೇನಿದೆ, ಎಲ್ಲ ವಿವರವಾಗಿ ಬರೆಯಿರಿ ಎಂದಿತ್ತು. ಅಕ್ಷರ ದುಂಡಗಿದೆಯೆಂದು ಕೆಲಸ ನನ್ನ ಪಾಲಿಗೆ ಬಿತ್ತು.

ನಾಲ್ಕು ಹಾಳೆ ಬರೆದೆ. ಪ್ರವಾಸ, ಊಟ, ಸಂಗೀತ ಎಂದು ಮೂರು ತಲೆಬರಹ ಹಾಕಿ ಪಟ್ಟಿಯಿಟ್ಟು ಗೆರೆ ಎಳೆದೆ. ಕುಡಚಿ ಸ್ಟೇಶನ್ನಿನಲ್ಲಿ ಯಾವ ಬದಿಗೆ ಇಳಿಯಬೇಕು, ಸರ್ವಿಸ್ ಮೋಟಾರಿನಲ್ಲಿ ಬಿಸಿಲು ಬೀಳದ ಬದಿ ಯಾವುದು, ರಬಕವಿಯಲ್ಲಿ ಮೋಟಾರು ಬದಲಿಸಬೇಕು, ಇವೆಲ್ಲ ಬರೆದೆ. ಜಮಖಂಡಿಯ ಮೋಟಾರು ತಪ್ಪಿದರೆ ಚಿಂತೆಯಿಲ್ಲ, ನಿಲ್ದಾಣದ ಬೇವಿನ ಗಿಡದ ಕೆಳಗೆ ಎತ್ತಿನ ಗಾಡಿಗಳು ಸದಾ ನಿಂತಿರುತ್ತವೆ, ಹುಲ್ಲು ಹಾಸಿ ಮೆತ್ತಗೆ ಮಾಡಿಕೊಡುತ್ತಾರೆ, ಒಂಬತ್ತು ಮೈಲಿ ಎಂದೂ ಬರೆದೆ. 'ಚಿಂತೆಯಿಲ್ಲ' ಎಂಬುದರ ಕೆಳಗೆ ಗೆರೆ ಎಳೆದದ್ದು ನೆನಪಿದೆ. ಊಟಕ್ಕೆ ರಬಕವಿಯಲ್ಲಿ ನಮ್ಮವರೇ ಆದ ಒಬ್ಬ ಅಜ್ಜಿಯ ಖಾನಾವಳಿ. ಸಂಗೀತದ ಹಾಳೆಗೆ ಮಾತ್ರ ತಡವರಿಸಿದೆ. ದರಬಾರಿನ ಗಾಯಕರು ಚದುರಿಹೋಗಿದ್ದರು. ಶನಿವಾರದ ಭಜನೆ ಬರೆದೆ, ಅದು ಅರ್ಧ ಹಾಳೆಯೂ ಆಗಲಿಲ್ಲ. ಹಾಳೆ ಖಾಲಿ ಕಾಣುತ್ತದೆಂದು ಕೊನೆಗೆ ಒಂದು ಸಾಲು ಸೇರಿಸಿದೆ: 'ರಬಕವಿಯ ನೇಕಾರರ ಓಣಿಯಲ್ಲಿ ಹೆಂಗಸರು ರಾಟೆಯಲ್ಲಿ ನೂಲಿನ ಕಂಡಿಕೆ ಸುತ್ತುತ್ತ ಹಾಡುತ್ತಾರೆ, ಗಂಡಸರ ಮಗ್ಗ ಅದಕ್ಕೆ ತಾಳ ಹಾಕಿದಂತಿರುತ್ತದೆ.' ದೊಡ್ಡ ವಿದುಷಿಗೆ ಇಂಥದ್ದನ್ನು ಬರೆಯುವುದೇ ಎಂದು ನಾಚಿಕೆಯಾಯಿತು. ಅಳಿಸಿದರೆ ಹಾಳೆ ಕೆಡುತ್ತದೆಂದು ಬಿಟ್ಟೆ.

ಬಾಯಿಯವರು ಶನಿವಾರ ಬಂದು ಒಂದು ರಾತ್ರಿ ಇರುವುದೆಂದು ಮೊದಲು ನಿಶ್ಚಯವಾಗಿತ್ತು. ಗುರುವಾರ ಇನ್ನೊಂದು ಕಾರ್ಡು ಬಂತು. ಶನಿವಾರ ಆಗದು, ಸೋಮವಾರ ಹನ್ನೆರಡಕ್ಕೆ ಮುಟ್ಟುತ್ತೇನೆ, ಎರಡೂವರೆಯ ಮೋಟಾರಿಗೆ ಹೊರಡಬೇಕು, ಮಂಗಳವಾರ ಮೀರಜಿನಲ್ಲಿ ಇರಲೇಬೇಕು, ಇದು ಬಿಟ್ಟರೆ ಮುಂದಿನ ವರ್ಷವೇ.

ಆ ನಾಲ್ಕು ದಿನ ನಾನು ಚಿಂತಿಸದ ವಿಷಯವಿಲ್ಲ. ಸೋಮವಾರ ಬಾಯಿಯವರಿಗೆ ಉಪವಾಸವಿದ್ದರೆ? ಅವಲಕ್ಕಿ ನಡೆಯುತ್ತದೋ, ಸಾಬೂದಾಣಿಯೋ? ಎರಡನ್ನೂ ತರಿಸಿಟ್ಟೆ. ನಾದಿನಿ ಸಂಜೆಗೆಂದು ತಯಾರು ಮಾಡಿದ್ದ ಯಮನ್ ರಾಗ ಬಿಟ್ಟು ಮಧ್ಯಾಹ್ನದ ಸಾರಂಗ ಹಿಡಿದಳು. ತಂಬೂರಿಗೆ ಹೊಸ ತಂತಿ ಹಾಕಿಸಿದೆವು. ಹಾಳೆಯಲ್ಲಿ ಬರೆದದ್ದನ್ನು ಮಾತ್ರ ಇನ್ನೊಮ್ಮೆ ನೆನೆಯಲಿಲ್ಲ. ನಮ್ಮದು ಸರಕಾರಿ ಕಚೇರಿಯ ಮನೆತನ, ಎತ್ತು ಸಾಕಿದವರಲ್ಲ.

ಸೋಮವಾರ ಹನ್ನೆರಡರ ಮೋಟಾರು ಬಂತು. ಬಾಯಿಯವರು ಬರಲಿಲ್ಲ. ಯಜಮಾನರು ಕಚೇರಿ ಕೆಲಸಕ್ಕೆ ಬಿಜಾಪುರಕ್ಕೆ ಹೋಗಿದ್ದರಿಂದ ನಿಲ್ದಾಣಕ್ಕೆ ನಾನೂ ಅತ್ತೆಯವರೂ ಹೋಗಿದ್ದೆವು. ಬಾಯಿಯವರನ್ನು ಕೇಳಿದ್ದಕ್ಕೆ ಕಂಡಕ್ಟರ ಹೇಳಿದ:

"ಕುಡಚಿ ಮೋಟಾರ ರಬಕವಿಗೆ ಬರೂದು ತಡಾ ಆತ್ರೀ ಅಮ್ಮಾರ. ನಾವು ಹೊಂಟು ದೂಳ ಎದ್ದಿತ್ತು, ಆವಾಗ ಅದು ಬಂತು. ಹೊಳ್ಳಿ ನೋಡಿದ್ನಿ, ಒಬ್ಬಾಕಿ ದಪ್ಪನ್ನ ಬಾಯಿ ಇಳದ್ರು. ಕೈಯಾಗ ಕಾಗದ ಹಿಡಕೊಂಡು ಬೇವಿನ ಗಿಡದ ಕಡೆ ಹೊಂಟಿದ್ರು."

"ಹಂಗಾದ್ರ ಗಾಡಿ ಮಾಡಿಕೊಂಡು ಬರ್ತಾರ ಬಿಡು," ಎಂದೆ ನಾನು.

ಅವನು ನಕ್ಕ. "ಇವತ್ತ ಯಾವ ಗಾಡಿರೀ? ಸೋಮಾರ. ಬಸವಣ್ಣನ ವಾರ. ಇವತ್ತ ಎತ್ತಿನ ಹೆಗಲಿಗೆ ನೊಗಾ ಇಡೂದಿಲ್ಲ ಯಾರೂ."

ಗೊತ್ತಿಲ್ಲದ್ದೇನಲ್ಲ. ಮೂರು ವರ್ಷದಿಂದ ಪ್ರತಿ ಸೋಮವಾರ ನಮ್ಮ ಬೀದಿಯಲ್ಲಿ ಗಾಡಿಯ ಸಪ್ಪಳ ಇರುವುದಿಲ್ಲವೆಂಬುದನ್ನು ಗಮನಿಸಿದವಳೇ ನಾನು. ಕಾಳಿನ ಗಾಡಿ, ಸೌದೆಯ ಗಾಡಿ ಯಾವುದೂ ಬರದೆ, ಆ ದಿನ ಅಂಗಳ ಸ್ವಚ್ಛ ಉಳಿಯುತ್ತದೆಂದು ಸಂತೋಷಪಟ್ಟಿದ್ದೆ ಕೂಡ.

"ಅಯ್ಯ ನಮ್ಮವ್ವ," ಎಂದರು ಅತ್ತೆಯವರು. "ನೀ ಓದಿ ತೋರಿಸಿದಾಗ ಶನಿವಾರ ಅಂತ ಕೇಳಿದ್ದೆ. ನನಗೂ ಹೊಳೀಲಿಲ್ಲ."

ಲೆಕ್ಕ ಸರಳವಾಗಿತ್ತು. ಜಮಖಂಡಿಯಿಂದ ಎರಡೂವರೆಗೆ ಹೊರಟ ಮೋಟಾರು ಮೂರೂವರೆಗೆ ರಬಕವಿಗೆ ಬರುತ್ತದೆ. ಈ ಕಡೆ ಬರುವ ಇನ್ನೊಂದು ಮೋಟಾರು ಸಂಜೆಗೇ, ಬಾಯಿಯವರು ಅದಕ್ಕೆ ಕಾಯದೆ ಮೂರೂವರೆಯದನ್ನೇ ಹತ್ತಿ ತಿರುಗಿ ಹೋಗುತ್ತಾರೆ. ನಾವು ಅದೇ ಮೋಟಾರಿನಲ್ಲಿ ಹೋದರೆ ಮುಖ ನೋಡುವಷ್ಟೇ ಹೊತ್ತು. ಮಾವನವರು ಪಡಸಾಲೆಯಲ್ಲಿ ಜಮಖಾನ ಹಾಸಿ ಕಾದಿದ್ದರು. ಅವರಿಗೆ ಹೇಳಿದರೆ 'ಬರಲಿಲ್ಲಲ್ಲ, ಮುಗೀತು' ಎನ್ನುತ್ತಾರೆ.

ಅತ್ತೆಯವರು ಒಂದು ಕ್ಷಣ ಟಾಂಗಾ ಸ್ಟ್ಯಾಂಡಿನ ಕಡೆ ನೋಡಿದರು. "ಹೋಗು, ಹಿತ್ತಲ ಬಾಗಲಲೆ ಹುಡುಗೀನ್ನ ಕರಕೊಂಡು ಬಾ. ನಾ ಟಾಂಗಾದವನ ಜೋಡಿ ಮಾತಾಡ್ತೀನಿ. ಮನಿಯಾಗ ಏನು ಹೇಳಬೇಕೋ ನಾ ಹೇಳತೀನಿ."

ಟಾಂಗಾದ ಮುದುಕ ಲಗಾಮು ಹಿಡಿಯುತ್ತ, "ಎತ್ತಿಗೆ ಸೋಮಾರ ಸೂಟಿ, ನನಗ ಶುಕ್ಕರಾರ ನಮಾಜಿನ ಸೂಟಿ. ಈ ಕುದರೀಗೆ ಮಾತ್ರ ಯಾವ ದೇವರೂ ಸೂಟಿ ಕೊಟ್ಟಿಲ್ಲ ನೋಡ್ರಿ ಅಕ್ಕಾರ," ಎಂದ. ಬೇರೆ ದಿನವಾಗಿದ್ದರೆ ನಗುತ್ತಿದ್ದೆ.

ಅವಸರದಲ್ಲಿ ತಂಬೂರಿ ಮನೆಯಲ್ಲೇ ಉಳಿಯಿತು. ದಾರಿಯುದ್ದಕ್ಕೂ ನಾದಿನಿ ತುಟಿ ಅಲುಗಿಸುತ್ತ ಸಾರಂಗ ಹೇಳಿಕೊಳ್ಳುತ್ತಿದ್ದಳು. ಕುದುರೆ ಏರಿನಲ್ಲಿ ನಡೆದರೆ ನನ್ನ ಎದೆ ಓಡುತ್ತಿತ್ತು. ಬನಹಟ್ಟಿ ಬರುವ ಹೊತ್ತಿಗೆ ನೆರಳು ವಾಲಿತ್ತು. ಅವಳು ನನ್ನ ಕೈ ಹಿಡಿದಳು.

"ವೈನಿ, ಸಾರಂಗದ ಹೊತ್ತು ಮೀರಿತು. ಇನ್ನ ಭೀಮಪಲಾಸ ಹಾಡಬೇಕು. ಅದು ನನಗ ಅರ್ಧ ಬರ್ತದ. ಗುರುಗಳು ಹೋದ್ರಲ್ಲ, ಅದರ ನಡುವನ ಹೋಗಿಬಿಟ್ರು."

"ಬರೂವಷ್ಟು ಹಾಡು," ಎಂದೆ.

ಬೇವಿನ ಗಿಡದ ಕೆಳಗೆ ಯಾರೂ ಇರಲಿಲ್ಲ. ಗಾಡಿಗಳು ಮುಂದಿನ ಮೂಕಿಮರ ನೆಲಕ್ಕೂರಿ ನಿಂತಿದ್ದವು. ಪಕ್ಕದಲ್ಲಿ ಮೈ ತೊಳೆಸಿಕೊಂಡ ಎತ್ತುಗಳು ಮಲಗಿ ಮೆಲುಕು ಹಾಕುತ್ತಿದ್ದವು, ಒಂದರ ಕೊಂಬಿಗೆ ಚೆಂಡು ಹೂ ಸಿಕ್ಕಿಸಿದ್ದರು. ಅಜ್ಜಿಯ ಖಾನಾವಳಿಗೆ ಓಡಿದೆವು. ಬೀಗ. ಪಕ್ಕದ ಅಂಗಡಿಯವನು, "ಅಜ್ಜಿ ಮಗಳ ಬಾಣಂತನಕ್ಕ ಹೋಗಿ ತಿಂಗಳಾತು," ಎಂದ. ನನ್ನ ಎರಡು ತಲೆಬರಹ ಅಲ್ಲಿಗೆ ಸುಳ್ಳಾದವು. ಅಪರಿಚಿತ ಊರಿನಲ್ಲಿ, ಬಿಸಿಲಿನಲ್ಲಿ, ಹಸಿದ ಹಿರಿಯ ಹೆಂಗಸು, ನಾನು ಗೆರೆ ಎಳೆದ 'ಚಿಂತೆಯಿಲ್ಲ' ಎಂಬ ಮಾತು ಹಿಡಿದುಕೊಂಡು ಎಲ್ಲಿ ನಿಂತಿದ್ದಾರೋ! ಗಂಟೆ ಮೂರಕ್ಕೆ ಹತ್ತು ನಿಮಿಷವಿತ್ತು.

ಆಗ ನಾದಿನಿ ಅಂದಳು: "ವೈನಿ, ಮೂರನೇದು ಏನು ಬರದಿದ್ರಿ?"

ನೇಕಾರರ ಓಣಿಯ ತುದಿಯಿಂದಲೇ ಮಗ್ಗಗಳ ಖಟಪಟ ಕೇಳುತ್ತಿತ್ತು. ನಾಲ್ಕನೆಯ ಮನೆಯ ಬಾಗಿಲಲ್ಲಿ ಮೀರಜಿನ ದೊಡ್ಡ ಚಪ್ಪಲಿ ಇದ್ದವು. ಒಳಗೆ ನೀಲಿ ನೂಲಿನ ರಾಶಿಯ ನಡುವೆ ಬಾಯಿಯವರು ಕಾಲು ಚಾಚಿ ಕುಳಿತು, ಜೋಳದ ರೊಟ್ಟಿಯ ಮೇಲೆ ಝುಣಕ ಇಟ್ಟುಕೊಂಡು ಉಣ್ಣುತ್ತಿದ್ದರು. ಅವರು ನೇಕಾರರ ಮನೆಯಲ್ಲಿ ಉಂಡದ್ದನ್ನು ನಾವು ಜಮಖಂಡಿಯಲ್ಲಿ ಯಾರಿಗೂ ಹೇಳಲಿಲ್ಲ.

"ನೀ ಏನ ಆ ದಾರಿ ಬರದಾಕಿ?" ಎಂದರು ನನ್ನನ್ನು ಮೇಲಿಂದ ಕೆಳಗೆ ನೋಡಿ.

"ತಪ್ಪಾತ್ರೀ ಬಾಯಿಯವರ. ಸೋಮವಾರ ಅಂತ..."

"ಗಾಡಿ ಇಲ್ಲ, ಖಾನಾವಳಿ ಇಲ್ಲ. ಹಾಡೊಂದು ಖರೆ ಇತ್ತು." ಮನೆಯೊಡತಿಯ ಕಡೆ ಕೈ ತೋರಿಸಿದರು. "ಈಕಿ ದನಿ ಕೇಳಿದೇನು? ಯಾರರ ಹೇಳಿದ್ರ ಹಾಡಾಕಿ ಅಲ್ಲ ಇವಳು, ಕೆಲಸಾ ಮಾಡ್ತ ತಾನ ಹಾಡಾಕಿ."

ನೇಕಾರರ ಹೆಂಗಸು ರಾಟೆ ತಿರುಗಿಸುತ್ತಲೇ ನಾಚಿದಳು. "ನಮ್ದೇನ್ರೀ, ಕೈ ತೂಕಡಸಬಾರ್ದಂತ ಬಾಯಿ ಆಡಸ್ತೀವಿ. ಬಿಸಲಾಗ ನಿಂತಿದ್ರು, ಕರದ್ನಿ. ಇನ್ನೊಂದ ರೊಟ್ಟಿ ಹಾಕಲೇನ್ರೀ ಅವ್ವಾರ?"

"ಸಾಕವ್ವ," ಎಂದು ಕೈ ತೊಳೆದು ಬಾಯಿಯವರು ನಾದಿನಿಯತ್ತ ತಿರುಗಿದರು. "ಹೊತ್ತಿಲ್ಲ. ಕೂಡು. ಏನು ಹಾಡ್ತೀ?"

"ಭೀಮಪಲಾಸ. ಆದರ ತಂಬೂರಿ..."

ಬಾಯಿಯವರು ಕಣ್ಣು ಮುಚ್ಚಿ ರಾಟೆಯ ಸದ್ದಿಗೆ ಕಿವಿಗೊಟ್ಟರು. "ಏ ತಂಗಿ, ರಾಟಿ ನಿಲ್ಲಿಸಬ್ಯಾಡ, ಒಂದ ಹದಕ್ಕ ತಿರುವು. ಕೇಳು ಮಗಳ, ಅದು ಗುಂಯ್ ಅಂತದಲ್ಲ, ಅದ ನಿನ್ನ ಸಾ."

ಮಾವನವರ ಪಡಸಾಲೆಯಲ್ಲಿ ಜಮಖಾನ ಖಾಲಿ ಹಾಸಿತ್ತು. ಇಲ್ಲಿ ನೂಲಿನ ಗಂಜಿಯ ಹುಳಿವಾಸನೆಯಲ್ಲಿ ಹುಡುಗಿ ಸ್ವರ ಹಿಡಿಯಲು ಹೋಗಿ ಮೊದಲ ಸಲ ಜಾರಿದಳು. ಎರಡನೆಯ ಸಲ ಹಿಡಿದಳು. ಒಳಗಿನ ಮಗ್ಗದವನು ಮರ್ಯಾದೆಗೆಂದು ಕೈ ನಿಲ್ಲಿಸಿದ, ಬಾಯಿಯವರು 'ನಡೀಲಿ' ಎಂದು ಕೈಸನ್ನೆ ಮಾಡಿದರು. ಹಾಡು ಅರ್ಧಕ್ಕೆ ಬಂತು. ಅಲ್ಲಿಂದ ಮುಂದೆ ಅವಳಿಗೆ ಬಾರದು, ನನಗೆ ಗೊತ್ತಿತ್ತು. ಅವಳು ನಿಲ್ಲಲಿಲ್ಲ. ಬಂದಷ್ಟನ್ನೇ ತಿರುಗಿ ಹಿಡಿದು, ಬೇರೆ ಕಡೆಯಿಂದ ಒಳಹೊಕ್ಕಳು, ಮತ್ತೆ ಹೊರಬಂದಳು.

ಬಾಯಿಯವರು ಚೀಲದಿಂದ ಪೆನ್ಸಿಲ್ ತೆಗೆದರು. ನನ್ನ ನಾಲ್ಕನೆಯ ಹಾಳೆಯನ್ನು ತೊಡೆಯ ಮೇಲೆ ಬೋರಲಿಟ್ಟು, ಹಾಡು ನಡೆದಂತೆಯೇ ಹಿಂದಿನ ಬದಿಯಲ್ಲಿ ಬರೆಯತೊಡಗಿದರು. ತಲೆ ಎತ್ತಲೇ ಇಲ್ಲ. ಹಾಡುವವಳ ಮುಂದೆ ಕುಳಿತು ಬರೆಯುವುದೆಂದರೆ ಕೇಳುವುದು ಮುಗಿದಂತಲ್ಲವೇ? ತಪ್ಪುಗಳ ಪಟ್ಟಿಯೋ, 'ಬೇರೆ ಕೆಲಸ ನೋಡಿಕೊಳ್ಳಲಿ' ಎಂದೋ? ದೂರದಲ್ಲಿ ಮೋಟಾರಿನ ಹಾರ್ನ್ ಕೇಳಿತು.

ಬಾಯಿಯವರು ಮೊಣಕಾಲು ಹಿಡಿದು ಎದ್ದರು. ಹಾಳೆ ಮಡಚಿ ನನ್ನ ಕೈಗಿಟ್ಟರು. "ಇದನ್ನ ನಿಮ್ಮ ಮಾವಗ ಕೊಡು." ಅಷ್ಟೇ. ಹುಡುಗಿಯ ಗಲ್ಲ ಒಮ್ಮೆ ಹಿಂಡಿ, ನಿಲ್ದಾಣಕ್ಕೆ ನಡೆದು, ಮೋಟಾರಿನಲ್ಲಿ ಬಲಬದಿಯ ನೆರಳಿನ ಸೀಟು ಹುಡುಕಿ ಕುಳಿತರು. ತಿರುಗಿ ಹೋಗುವಾಗಿನ ಆ ಬದಿಯೂ ನಾನು ಬರೆದದ್ದೇ.

ಮಾವನವರಿಗೆಂದು ಕೊಟ್ಟ ಕಾಗದ. ಒಂಬತ್ತು ಮೈಲಿ ಅದನ್ನು ಬಿಚ್ಚದೆ ಮುಷ್ಟಿಯಲ್ಲಿ ಹಿಡಿದಿದ್ದೆ.

ದೀಪ ಹಚ್ಚುವ ಹೊತ್ತಿಗೆ ಮುಟ್ಟಿದೆವು. ಮಾವನವರು ಜಮಖಾನದ ಮೇಲೇ ಕುಳಿತಿದ್ದರು. ಅತ್ತೆಯವರು ಎಲ್ಲ ಹೇಳಿದ್ದರೆಂದು ಇಬ್ಬರ ಮುಖದಲ್ಲೂ ಕಾಣುತ್ತಿತ್ತು. ಬೆವರಿಗೆ ಮೆತ್ತಗಾದ ಕಾಗದವನ್ನು ಕೊಟ್ಟೆ. ಕನ್ನಡಕ ಹಾಕಿಕೊಂಡು ಗಟ್ಟಿಯಾಗಿ ಓದಿದರು:

"'ಪ್ರವಾಸ. ಮೀರಜ ಸ್ಟೇಶನ್ನಿನಲ್ಲಿ ಟಾಂಗಾದವರು ಮುತ್ತುತ್ತಾರೆ, ಯಾರಿಗೂ ಉತ್ತರ ಕೊಡಬಾರದು. ನಮ್ಮ ಮನೆ ನಡೆಯುವಷ್ಟೇ ದೂರ, ಹುಣಸೆ ಗಿಡದ ಎದುರು. ಊಟ. ನಮ್ಮಲ್ಲೇ. ಖಾರ ಕಡಿಮೆ, ತಕರಾರು ನಡೆಯದು. ಸಂಗೀತ. ಮೊದಲ ಆರು ತಿಂಗಳು ಬರೇ ಕೇಳಬೇಕು. ಭೀಮಪಲಾಸದ ಉಳಿದರ್ಧ ಆಮೇಲೆ.'"

ಹಾಳೆ ಹೊರಳಿಸಿ ನನ್ನ ಅಕ್ಷರವನ್ನೂ ನೋಡಿದರು. ಮತ್ತೆ ಹೊರಳಿಸಿದರು.

"ವಿದ್ಯಾ ಹತ್ತತದೋ ಇಲ್ಲೋ, ಅದನ್ನೆಲ್ಲಿ ಬರದಾಳ? ಬರೇ ದಾರಿ ಬರದಾಳ."

"ಬ್ಯಾಡಾದವರಿಗೆ ಯಾರರ ಊಟದ ಮಾತು ಬರೀತಾರೇನ್ರೀ?" ಎಂದರು ಅತ್ತೆಯವರು.

"ನಮ್ಮ ಪಡಸಾಲಿಗೆ ಆಕಿ ಬರಲೇ ಇಲ್ಲ."

"ಬರೂಕಿ ಹೆಂಗ ಬರ್ತಾಳ? ಬಸವಣ್ಣಗ ಹೋಗಿ ಕೇಳ್ರಿ."

ಮಾವನವರು ಹಾಳೆ ಮಡಚಿ ಅಂಗಿಯ ಕಿಸೆಗಿಟ್ಟರು. ಮರುದಿನವೂ, ಅದರ ಮರುದಿನವೂ ಮುಧೋಳಕ್ಕೆ ಬರೆಯಬೇಕಾದ ಕಾರ್ಡು ಅವರ ಮೇಜಿನ ಮೇಲೆ ಖಾಲಿಯೇ ಇತ್ತು. ಕಸ ಗುಡಿಸುವಾಗ ದಿನವೂ ಅದನ್ನು ನೋಡುತ್ತಿದ್ದೆ. ನಾದಿನಿ ಭೀಮಪಲಾಸದ ಅರ್ಧವನ್ನೇ ಮೆಲ್ಲಗೆ, ಅಡಿಗೆಮನೆಯ ಕದ ಮುಚ್ಚಿಕೊಂಡು ಹಾಡುತ್ತಿದ್ದಳು.

ಗುರುವಾರ ಬೆಳಿಗ್ಗೆ ಚಹಾ ಕೊಡಲು ಹೋದಾಗ ಅವರು ಮುಖ ಎತ್ತದೆ ಕೇಳಿದರು:

"ಮೀರಜಕ್ಕ ಹೋಗೂ ರೈಲು ಕುಡಚಿಗೆ ಎಷ್ಟಕ್ಕ ಬರ್ತದ?"

ಆ ವೇಳೆ ನನಗೆ ಬಾಯಿಪಾಠವಾಗಿತ್ತು. ಆದರೂ ಬಟ್ಟಲು ಕೆಳಗಿಟ್ಟು, ಗೋಡೆಯ ಪಂಚಾಂಗದ ಕಡೆ ನೋಡುತ್ತ ಹೇಳಿದೆ:

"ಯಾವ ವಾರ ಹೋಗೂದು, ಅದನ್ನ ಮೊದಲ ಹೇಳ್ರಿ ಮಾವನವರ. ಆಮ್ಯಾಲೆ ವೇಳೆ ಹೇಳ್ತೀನಿ."